ಅಗುಳಿ ಹಾಕಿದ್ಯಾ ಮಾಣಿ?

ರಾತ್ರಿ ಊಟವಾಗಿ, ಗೋಮೆ ಹಚ್ಚಿ, ಹಾಸಿಗೆ ಬಿಡಿಸಿದ ಮೇಲೆ ದೊಡ್ಡಮ್ಮ ಕೇಳುತ್ತಿದ್ದಳು: "ಮಾಣಿ, ಅಗುಳಿ ಹಾಕಿದ್ಯಾ?"

ತೀರ್ಥಹಳ್ಳಿ ಕಡೆಯ ಹಳೇ ಮನೆ. ಹೆಬ್ಬಾಗಿಲಿಗೆ ತೋಳುದಪ್ಪದ ಹಲಸಿನ ಮರದ ಅಗುಳಿ. ಗೋಡೆಯೊಳಗಿನ ಕಂಡಿಯಿಂದ ಅದನ್ನು ಎಳೆದು ಎದುರಿನ ಕಂಡಿಗೆ ಸೇರಿಸಿದರೆ ದಡ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಒಳಮನೆಯ ತನಕ ಕೇಳುತ್ತಿತ್ತು, ದೊಡ್ಡಮ್ಮನಿಗೂ ಕೇಳಿರುತ್ತಿತ್ತು. ಆದರೂ ನಾನು ಲಾಟೀನು ಹಿಡಿದು ಜಗಲಿ ದಾಟಿ ಹೋಗಿ ನೋಡಿ ಬಂದು "ಹಾಕಿದೆ ದೊಡ್ಡಮ್ಮ" ಎನ್ನಬೇಕಿತ್ತು. ಎಂದಕೂಡಲೇ ಅವಳ ಮುಖದ ಬಿಗಿ ಸಡಿಲವಾಗುತ್ತಿತ್ತು. ಕಂಬಳಿ ಕೊಡವಿ ಮಗ್ಗುಲಾಗುವಷ್ಟು ಹೊತ್ತು ಆ ನೆಮ್ಮದಿ ನಿಲ್ಲುತ್ತಿತ್ತು. ಆಮೇಲೆ, ಬೇರೆಯವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ ಮತ್ತೆ ಕೇಳುತ್ತಿದ್ದಳು: "ಮುಟ್ಟಿ ನೋಡಿದ್ಯಾ, ದೂರದಿಂದ ನೋಡಿದ್ಯಾ?"

ಮುಟ್ಟಿ ನೋಡಿದೆ ಅಂದರೆ, "ಪೂರ್ತಿ ಆಚೆ ಕಂಡಿಗೆ ಹೋಗಿತ್ತಾ?" ಹೋಗಿತ್ತು ಅಂದರೆ, "ಇನ್ನೊಂದು ಸಲ ನೋಡ್ತೀಯಾ ನನ್ನ ಬಂಗಾರ?"

ನನಗೆ ಆಗ ಹತ್ತು ವರ್ಷ. ಅವಳ ಮೇಲೆ ಪ್ರಾಣ. ಎಷ್ಟು ಸಲ ಕೇಳಿದರೂ ಹೋಗಿ ಬರುತ್ತಿದ್ದೆ. ಅವಳ ಈ ಕೇಳುವಿಕೆಯನ್ನು ಮನೆಯವರು "ಅನುಮಾನ" ಎನ್ನುತ್ತಿದ್ದರು, ಕೈತೊಳೆಯುವಿಕೆಗೆ "ಮಡಿ" ಎಂಬ ಗೌರವದ ಹೆಸರಿತ್ತು. ಬಚ್ಚಲಲ್ಲಿ ಬೂದಿ ಹಾಕಿ ತಿಕ್ಕಿ ತಿಕ್ಕಿ ಅವಳ ಬೆರಳ ಸಂದುಗಳು ಬಿಳಿಚಿಕೊಂಡಿದ್ದವು. ಚಳಿಗಾಲ ಬಂತೆಂದರೆ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಸವರಿದರೆ, ಎಣ್ಣೆಯ ಜಿಡ್ಡಿನಲ್ಲಿ ಕೊಳೆ ಕೂತೀತೆಂದು ಎದ್ದುಹೋಗಿ ಮತ್ತೆ ತೊಳೆದುಕೊಳ್ಳುತ್ತಿದ್ದಳು. ಇದನ್ನು ಕಾಯಿಲೆ ಎಂದವರು ಒಬ್ಬರೂ ಇಲ್ಲ. ಅವಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಓಸಿಡಿ ಎಂಬುದರ ಬಗ್ಗೆ, ಗೀಳು ಮನೋರೋಗದ ಬಗ್ಗೆ ಓದುತ್ತಾ ಹೋದಾಗ ಪುಟಪುಟದಲ್ಲೂ ದೊಡ್ಡಮ್ಮ ಕಂಡಳು.

"ಗೀಳು" ಎಂಬ ನಮ್ಮ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ರಿಕೆಟ್ ಗೀಳು, ಸಿನಿಮಾ ಗೀಳು ಎನ್ನುವಾಗ ಅದರಲ್ಲಿ ಒಂದು ಖುಷಿಯಿದೆ. ಈ ಕಾಯಿಲೆಯಲ್ಲಿ ಖುಷಿಯ ಲವಲೇಶವೂ ಇಲ್ಲ. ಮನಸ್ಸಿಗೆ ಬೇಡದ ಒಂದು ಯೋಚನೆ ಬಂದು ಕೂರುತ್ತದೆ. ಅದು ಹುಟ್ಟಿಸುವ ಭಯವನ್ನು ಇಳಿಸಲು ಮನುಷ್ಯ ತೊಳೆಯುತ್ತಾನೆ, ಎಣಿಸುತ್ತಾನೆ, ತಿರುಗಿ ನೋಡುತ್ತಾನೆ, ಕೇಳುತ್ತಾನೆ, ಮನಸ್ಸಿನಲ್ಲೇ ದೇವರ ಹೆಸರನ್ನು ಇಂತಿಷ್ಟು ಸಲ ಎಂದು ಲೆಕ್ಕ ಹಿಡಿದು ಹೇಳಿಕೊಳ್ಳುತ್ತಾನೆ. ಭಯ ಇಳಿಯುತ್ತದೆ. ಇಳಿದದ್ದಕ್ಕೇ ಮುಂದಿನ ಸಲ ಯೋಚನೆ ಇನ್ನಷ್ಟು ಜೋರಾಗಿ ಬರುತ್ತದೆ. 19ನೇ ಶತಮಾನದ ಫ್ರೆಂಚ್ ವೈದ್ಯರು ಇದನ್ನು "ಸಂಶಯದ ಹುಚ್ಚು" ಎಂದು ಕರೆದರು. ನಮ್ಮ ಮನೆಯವರ "ಅನುಮಾನ" ಅದಕ್ಕೆ ಎಷ್ಟು ಹತ್ತಿರವಿತ್ತು! ನೂರು ಜನರಲ್ಲಿ ಒಬ್ಬರಿಂದ ಮೂವರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಇದಕ್ಕೆ ಸಿಕ್ಕುತ್ತಾರೆ. ಹಾಗಾಗಿ ಪುಸ್ತಕದ ಕಪಾಟು ಚೊಕ್ಕಟವಾಗಿ ಇಟ್ಟವರು "ನಂಗೆ ಸ್ವಲ್ಪ ಓಸಿಡಿ ಕಣ್ರೀ" ಎನ್ನುವಾಗ ನನಗೆ ಆ ಬಿರಿದ ಬೆರಳುಗಳು ನೆನಪಾಗಿ ಸಂಕಟವಾಗುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಶೇಲಾ ನೈಸ್ಲಿ ಎಂಬ ಚಿಕಿತ್ಸಕಿ ಇದ್ದಾರೆ. ಓಸಿಡಿ ಇರುವವರಿಗೆ ಚಿಕಿತ್ಸೆ ಕೊಡುವುದು ಅವರ ವೃತ್ತಿ. ಚಿಕ್ಕಂದಿನಿಂದ ಅದೇ ಕಾಯಿಲೆಯನ್ನು ಹೊತ್ತು ಬೆಳೆದವರು ಅವರು. 2018ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು "ಈಸ್ ಫ್ರೆಡ್ ಇನ್ ದ ರೆಫ್ರಿಜರೇಟರ್?" ಎಂದು. ಫ್ರೆಡ್ ಅವರ ಬೆಕ್ಕು. ಅದು ಫ್ರಿಜ್ಜಿನೊಳಗೆ ಸಿಕ್ಕಿಕೊಂಡಿದ್ದರೆ ಎಂಬ ಸಂಶಯ ಅವರನ್ನು ಮತ್ತೆ ಮತ್ತೆ ಫ್ರಿಜ್ಜಿನ ಮುಂದೆ ತಂದು ನಿಲ್ಲಿಸುತ್ತಿತ್ತು. ಬಾಗಿಲು ತೆಗೆದರೆ ಬೆಕ್ಕಿಲ್ಲ, ಸರಿ. ಮುಚ್ಚುವಾಗ ನುಗ್ಗಿದ್ದರೆ? ಹಾಲಿನ ಡಬ್ಬದ ಹಿಂದೆ ನೋಡಿದೆನೇ? ನೋಡಿದ್ದು ಈಗಲೋ, ಆಗಲೋ? ಫ್ರಿಜ್ಜಿನ ಆ ಬಾಗಿಲಿಗೂ ನಮ್ಮ ಹೆಬ್ಬಾಗಿಲಿಗೂ ನಡುವೆ ಸಮುದ್ರಗಳಿವೆ. ಸಂಶಯ ಎರಡೂ ಕಡೆ ಒಂದೇ ಭಾಷೆ ಆಡುತ್ತದೆ. ಮೇರಿಲ್ಯಾಂಡಿನ ಜಾನ್ ಹರ್ಷ್‌ಫೀಲ್ಡ್ ಕೂಡ ತಮಗೆ ಓಸಿಡಿ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡೇ ಈ ಚಿಕಿತ್ಸೆ ಕೊಡುವವರು. ಇಬ್ಬರೂ ಸೇರಿ 2017ರಲ್ಲಿ ರೋಗಿಗಳಿಗಾಗಿ ಒಂದು ಪುಸ್ತಕ ಬರೆದರು.

ಇಂಥವರಿಂದ ರೋಗಿಗೆ ಏನು ಸಿಗುತ್ತದೆ? "ನೋವು ಉಂಡವರಿಗೇ ನೋವು ಗೊತ್ತು" ಎಂಬುದು ತಟ್ಟನೆ ಬರುವ ಉತ್ತರ. ಅದು ನಿಜ, ಆದರೆ ಅರ್ಧ ನಿಜ. ಪರಿಚಯದ ಮನೆಯ ಒಬ್ಬ ಹುಡುಗ ಹೇಳಿದ ಮಾತಿನಿಂದ ಇನ್ನರ್ಧ ನನಗೆ ತಿಳಿಯಿತು.

ಹಾಸನದ ಕಡೆಯ ಹುಡುಗ, ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದುಕೊಂಡು ಓದುತ್ತಿದ್ದ. ಪರೀಕ್ಷೆಯಲ್ಲಿ ರಿಜಿಸ್ಟರ್ ನಂಬರ್ ಸರಿಯಾಗಿ ಬರೆದಿದ್ದೇನೆಯೇ ಎಂದು ನೋಡಿ ನೋಡಿಯೇ ಅರ್ಧ ಗಂಟೆ ಕಳೆಯುತ್ತಿದ್ದ. ರೂಮಿಗೆ ಬೀಗ ಹಾಕಿ ಬಸ್ ಸ್ಟಾಪಿನಿಂದ ವಾಪಸು ಬರುತ್ತಿದ್ದ. ವಾಪಸು ಬರುವುದನ್ನು ತಪ್ಪಿಸಲು ಬೀಗದ ಫೋಟೊ ತೆಗೆಯತೊಡಗಿದ. ಒಂದು ದಿನ ಮೊಬೈಲ್ ನನ್ನ ಕೈಗೆ ಕೊಟ್ಟು ಗ್ಯಾಲರಿ ತೋರಿಸಿದ. ಬೀಗ, ಬೀಗ, ಬೀಗ, ಆಫ್ ಆಗಿರುವ ಗೀಸರ್ ಸ್ವಿಚ್ಚು, ಬ್ಯಾಗಿನ ಜಿಪ್ಪು, ಮತ್ತೆ ಬೀಗ. ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯದು. ನಡುವೆ ಎಲ್ಲೋ ಒಂದು ಕಡೆ ತಂಗಿಯ ಹುಟ್ಟುಹಬ್ಬದ ಫೋಟೊ ಒಂದಿತ್ತು. ಆ ಕಬ್ಬಿಣದ ಬೀಗಗಳ ಮಧ್ಯೆ ಕೇಕು ಕತ್ತರಿಸುತ್ತಿರುವ ಆ ಮಗುವನ್ನು ಕಂಡು ನನಗೆ ಗಂಟಲು ಕಟ್ಟಿತು.

ಅವನು ಹೋಗುತ್ತಿದ್ದ ಮನಃಶಾಸ್ತ್ರಜ್ಞೆ ಎರಡನೆಯ ಭೇಟಿಯಲ್ಲೇ ಹೇಳಿದ್ದರಂತೆ: "ನನಗೂ ಇದೆ. ನಂದು ಬೀಗದ್ದಲ್ಲ, ಬೇರೆ." ಇವನು ಕೇಳಿದ, "ಈಗ ಹೋಗಿದೆಯಾ ಮೇಡಂ?" "ಇವತ್ತು ಬೆಳಿಗ್ಗೆನೂ ಬಂತು. ಬರಲಿ ಅಂತ ಬಿಟ್ಟು ಕೆಲಸಕ್ಕೆ ಬಂದೆ" ಎಂದರಂತೆ. ಕೆಲವು ವಾರಗಳಾದ ಮೇಲೆ ಆ ಫೋಟೊಗಳನ್ನೆಲ್ಲ ಅಳಿಸುವ ದಿನ ಬಂತು. ಅಳಿಸುವ ಮುಂಚೆ ಕೈ ನಡುಗಿ ಇವನು ಕೇಳಿದ್ದಾನೆ: "ಏನೂ ಆಗಲ್ಲ ಅಲ್ವಾ ಮೇಡಂ?"

ಬೇರೆ ಯಾರಾದರೂ ಆಗಿದ್ದರೆ "ಏನೂ ಆಗಲ್ಲಪ್ಪ" ಎನ್ನುತ್ತಿದ್ದರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ಹೇಳಿದ್ದು: "ಆಗಬಹುದು, ಆಗದೇ ಇರಬಹುದು. ನಂಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅಳಿಸಿ."

"ಆ ಮಾತನ್ನ ಬೇರೆಯವರು ಹೇಳಿದ್ದರೆ ಎದ್ದು ಬಂದುಬಿಡ್ತಿದ್ದೆ" ಎಂದ ಹುಡುಗ. "ಆದರೆ ಗೊತ್ತಿಲ್ಲ ಅನ್ನೋವಾಗ ಅವರ ಗಂಟಲೂ ನನ್ನ ಹಾಗೇ ಒಣಗಿತ್ತು ಅನ್ನಿಸ್ತು. ಆ ಮಾತು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳ್ತಿದಾರೆ ಅನ್ನಿಸ್ತು."

ನಾನು ಹೇಳಬೇಕೆಂದಿರುವುದು ಇದೇ. ಈ ಕಾಯಿಲೆಯಲ್ಲಿ ಸಮಾಧಾನದ ಮಾತು ಮದ್ದಲ್ಲ, ಕಾಯಿಲೆಯ ಊಟ. "ಹಾಕಿದೆ ದೊಡ್ಡಮ್ಮ" ಎಂದು ನಾನು ಹೇಳಿದಾಗಲೆಲ್ಲ ಅವಳ ಸಂಶಯಕ್ಕೆ ಒಂದು ತುತ್ತು ಹಾಕುತ್ತಿದ್ದೆ. ಕಾಯಿಲೆಯನ್ನು ಅರಿಯದವರು ಎರಡೇ ರೀತಿ ನಡೆದುಕೊಳ್ಳುತ್ತಾರೆ: ಪ್ರೀತಿಯಿದ್ದರೆ ಉತ್ತರ ಕೊಡುತ್ತಾರೆ, ಬೇಸತ್ತರೆ ಗದರುತ್ತಾರೆ. ಪ್ರೀತಿಯಿಂದಲೇ ಉತ್ತರ ಕೊಡದೆ ಕೂರುವುದು ಮೂರನೆಯದು. ಅದನ್ನು ಪಾಠದಿಂದ ಕಲಿಯಬಹುದು, ಅನೇಕರು ಚೆನ್ನಾಗಿಯೇ ಕಲಿತಿದ್ದಾರೆ. ಆದರೆ ಆ ಉತ್ತರಕ್ಕಾಗಿ ತಾನೂ ಅಂಗಲಾಚಿದವರು, ಅದು ಸಿಗದ ರಾತ್ರಿಯನ್ನು ದಾಟಿ ಬೆಳಗು ಕಂಡವರು "ಉತ್ತರ ಕೊಡುವುದಿಲ್ಲ" ಎಂದಾಗ ಅದು ಕ್ರೌರ್ಯವೆನಿಸುವುದಿಲ್ಲ.

ಸಂಶಯಕ್ಕೆ ತುತ್ತು ಹಾಕದ ಈ ಚಿಕಿತ್ಸೆಯ ಬೇರು 1966ರಲ್ಲಿದೆ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಎಂಬ ಮನಃಶಾಸ್ತ್ರಜ್ಞ ಇಬ್ಬರು ರೋಗಿಗಳಿಗೆ ಕೊಟ್ಟ ಚಿಕಿತ್ಸೆಯನ್ನು ಆ ವರ್ಷ ಬರೆದು ಪ್ರಕಟಿಸಿದ. ಭಯಪಡುವ ವಸ್ತುವಿಗೇ ಅವರನ್ನು ಎದುರು ನಿಲ್ಲಿಸುವುದು, ಆಮೇಲೆ ತೊಳೆಯಲು ಬಿಡದಿರುವುದು. ನರ್ಸುಗಳು ಹಗಲೆಲ್ಲ ಜೊತೆಗೇ ಇದ್ದು ತಡೆಯುತ್ತಿದ್ದರು. ತೊಳೆಯುವ ಗೀಳಿನ ರೋಗಿಗೆ ನಲ್ಲಿಯ ನೀರೇ ಬರದಂತೆ ಮಾಡಿದ್ದರು. ಮುಂದೆ 1970ರ ದಶಕದಲ್ಲಿ ಜಾಕ್ ರ್ಯಾಕ್‌ಮನ್, ಐಸಾಕ್ ಮಾರ್ಕ್ಸ್ ಮೊದಲಾದವರು ಇದನ್ನು ಒರೆಗೆ ಹಚ್ಚಿದರು. ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇಆರ್‌ಪಿ ಎನ್ನುವುದು ಇದಕ್ಕೇ. ಇಂದು ನಲ್ಲಿ ನಿಲ್ಲಿಸುವುದಿಲ್ಲ. ರೋಗಿಯೇ ಒಪ್ಪಿ, ಸಣ್ಣ ಭಯದಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಎಷ್ಟೋ ಸಲ ಚಿಕಿತ್ಸಕರೇ ಮೊದಲು ಮಾಡಿ ತೋರಿಸುತ್ತಾರೆ. ಚಪ್ಪಲಿಯ ಅಡಿ ಮುಟ್ಟುತ್ತಾರೆ, ಅದೇ ಕೈಯನ್ನು ತಮ್ಮ ಅಂಗಿಗೆ, ಕೆನ್ನೆಗೆ ಸವರಿಕೊಳ್ಳುತ್ತಾರೆ, "ಈಗ ನೀವು" ಎನ್ನುತ್ತಾರೆ. ಆ ಕೈಗೆ ಒಂದು ಕಾಲದಲ್ಲಿ ಅದೇ ಚಪ್ಪಲಿ ಸಿಂಹಸ್ವಪ್ನವಾಗಿತ್ತು ಎಂದು ಗೊತ್ತಾದರೆ ಎದುರಿಗೆ ಕೂತವರಿಗೆ ಎಂಥ ಬಲ ಬರಬೇಡ!

ತೊಳೆಯುವುದು, ಬೀಗ ನೋಡುವುದು ಕಣ್ಣಿಗೆ ಕಾಣುವ ಗೀಳುಗಳು. ಕಾಣದವು ಇನ್ನೂ ಕಠಿಣ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಾಳೆ, ಪಕ್ಕದ ಚಾಪೆಯ ಮೇಲೆ ಮಗು. ಇದ್ದಕ್ಕಿದ್ದಂತೆ ಒಂದು ಚಿತ್ರ ಕಣ್ಣ ಮುಂದೆ ಹಾದುಹೋಗುತ್ತದೆ: ಈ ಈಳಿಗೆಯಿಂದ ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ? ಅವಳ ಎದೆ ಒಡೆಯುತ್ತದೆ. ಅಂದಿನಿಂದ ಈಳಿಗೆ ಅಟ್ಟ ಸೇರುತ್ತದೆ. ಮಗುವಿಗೆ ನೀರು ಹಾಕುವ ಕೆಲಸ ಅತ್ತೆಯದಾಗುತ್ತದೆ. ಅವಳು ಮಗುವಿನೊಡನೆ ಒಬ್ಬಳೇ ಇರಲು ಒಪ್ಪುವುದಿಲ್ಲ. ಮನೆಯವರು ಗಾಳಿ ಸೋಂಕು ಎನ್ನುತ್ತಾರೆ, ಮಗುವಿನ ಮೇಲೆ ಆಸೆಯಿಲ್ಲ ಎನ್ನುತ್ತಾರೆ. ಆಸೆ ಮಿತಿಮೀರಿದ್ದಕ್ಕೇ ಹೀಗಾಗಿದೆ ಎಂದು ಅವಳು ಯಾರಿಗೆ ಹೇಳಬೇಕು? ದೇವರ ಮನೆಯಲ್ಲಿ ಅಸಹ್ಯದ ಮಾತು ಮನಸ್ಸಿಗೆ ಬಂದವರ ಪಾಡೂ ಇದೇ. ಹೇಳಿದರೆ ತನ್ನನ್ನು ರಾಕ್ಷಸಿ ಎಂದಾರು ಎಂಬ ಹೆದರಿಕೆಯಲ್ಲೇ ವರ್ಷಗಳು ಹೋಗುತ್ತವೆ.

ಇಂಥ ಯೋಚನೆ ಬರುವುದೇ ರೋಗವಲ್ಲ. 1978ರಲ್ಲಿ ರ್ಯಾಕ್‌ಮನ್ ಮತ್ತು ಪದ್ಮಾಲ್ ದ ಸಿಲ್ವ ಸೇರಿ ಯಾವ ಕಾಯಿಲೆಯೂ ಇಲ್ಲದವರನ್ನು ವಿಚಾರಿಸಿದರು. ದ ಸಿಲ್ವ ಶ್ರೀಲಂಕಾದಿಂದ ಲಂಡನ್ನಿಗೆ ಹೋದವರು, ಬುದ್ಧನ ಬೋಧನೆಗೂ ಮನೋಚಿಕಿತ್ಸೆಗೂ ಇರುವ ನಂಟಿನ ಬಗ್ಗೆಯೂ ಬರೆದವರು. ಕೇಳಿದವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಜನ ತಮಗೂ ಅಂಥ ಬೇಡದ ಯೋಚನೆಗಳು ಬರುತ್ತವೆ ಎಂದರು. ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಬಹುಪಾಲು ಜನರಲ್ಲಿ ಬಂದ ದಾರಿಯಲ್ಲೇ ಹೋಗುತ್ತದೆ. ಓಸಿಡಿ ಇರುವವರು ಅದನ್ನು ಹಿಡಿದು ನಿಲ್ಲಿಸಿ, ಯಾಕೆ ಬಂದೆ ಎಂದು ವಿಚಾರಣೆ ಮಾಡುತ್ತಾರೆ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದು ವೈದ್ಯ ಹೇಳಿದ ಕಥೆ ನಮ್ಮ ಎಲ್ಲರ ಮನೆಯಲ್ಲೂ ಇದೆಯಲ್ಲ. ಆ ರೋಗಿ ಬಟ್ಟಲು ಬಾಯಿಗಿಟ್ಟಾಗಲೆಲ್ಲ ಕೋತಿಯೇ ಎದುರು ಬಂದು ಕೂರುತ್ತಿತ್ತು. ಈ ಕಾಯಿಲೆಯ ಒಳಗುಟ್ಟನ್ನು ಅಜ್ಜಿಯರು ಕಥೆಯಲ್ಲಿ ಹೇಳಿಯೇ ಇದ್ದರು, ನಾವು ಅದನ್ನು ಕಥೆಯಾಗಿ ಮಾತ್ರ ಕೇಳಿದೆವು.

ಆ ತಾಯಿ ಕೊನೆಗೂ ಬಾಯಿಬಿಟ್ಟಾಗ ಎದುರಿಗಿರುವವರ ಮುಖ ಒಂದು ಕ್ಷಣ ಬಿಗಿದುಕೊಂಡರೂ ಸಾಕು, ಅವಳು ಮತ್ತೆ ಮೌನಕ್ಕೆ ಜಾರುತ್ತಾಳೆ. ಅದನ್ನು ಅನುಭವಿಸಿ ಬಂದ ಚಿಕಿತ್ಸಕರ ಮುಖ ಬಿಗಿಯುವುದಿಲ್ಲ. ಅವರು ಅವಳ ಮಾತನ್ನು ಅವಳಿಗಿಂತ ಮೊದಲೇ ಮುಗಿಸಬಲ್ಲರು.

ಆದರೆ ಇಲ್ಲೇ ಒಂದು ಎಚ್ಚರವೂ ಬೇಕು. ಹೆರಿಗೆಯಾದ ಮೇಲೆ ಬರುವ ಬೇರೊಂದು ಕಾಯಿಲೆಯಿದೆ, ಬಾಣಂತಿ ಸನ್ನಿ. ಅದರಲ್ಲಿ ತಾಯಿಗೆ ಇಲ್ಲದ ದನಿ ಕೇಳಬಹುದು, ಮಗುವಿನ ಬಗ್ಗೆ ಸುಳ್ಳು ನಂಬಿಕೆ ಬಲವಾಗಬಹುದು. ಅದಕ್ಕೆ ಅಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕು. ಎರಡನ್ನೂ ಬೇರೆ ಮಾಡಿ ಗುರುತಿಸಲು ವಿದ್ಯೆಯೇ ಬೇಕು. "ನನಗೂ ಆಗಿತ್ತಮ್ಮ" ಎಂಬ ಅನುಭವವೊಂದನ್ನೇ ನಂಬಿದರೆ ಅಲ್ಲಿ ಅಪಾಯ. ಅನುಭವ ಪದವಿಯಲ್ಲ. ಒಬ್ಬರ ಗೀಳು ಇನ್ನೊಬ್ಬರ ಗೀಳಿನಂತೆಯೂ ಇರುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. "ನಿಮಗೆ ಎಷ್ಟು ದಿನದಲ್ಲಿ ಕಡಿಮೆಯಾಯಿತು, ನಿಮಗೂ ಹೀಗೇ ಅನ್ನಿಸುತ್ತಿತ್ತಾ" ಎಂದು ರೋಗಿ ವಾರವಾರ ಕೇಳತೊಡಗಿದರೆ ಚಿಕಿತ್ಸಕರ ಕಥೆಯೇ ಸಮಾಧಾನದ ಮಾತಾಗಿಬಿಡುತ್ತದೆ, ಹೊಸದೊಂದು ಅಗುಳಿಯಾಗುತ್ತದೆ. ಒಳ್ಳೆಯವರು ತಮ್ಮ ಕಥೆಯನ್ನು ಉಪ್ಪಿನಷ್ಟೇ ಹಾಕುತ್ತಾರೆ.

ಹಾಗೆ ಹೇಳಿಕೊಳ್ಳುವುದಕ್ಕೂ ಧೈರ್ಯ ಬೇಕು. ಕೇ ರೆಡ್‌ಫೀಲ್ಡ್ ಜೇಮಿಸನ್ ತಮಗೇ ಬೈಪೋಲಾರ್ ಕಾಯಿಲೆ ಇದೆಯೆಂದು 1995ರಲ್ಲಿ ಪುಸ್ತಕದಲ್ಲಿ ಬರೆದಾಗ ಅವರು ಅದೇ ಕಾಯಿಲೆಯ ಹೆಸರಾಂತ ವಿದ್ವಾಂಸೆ, ದೊಡ್ಡ ವೈದ್ಯಕೀಯ ಕಾಲೇಜಿನ ಪ್ರೊಫೆಸರ್. ಮಾರ್ಷಾ ಲಿನೆಹನ್ ಆತ್ಮಹತ್ಯೆಯ ಅಂಚಿನಲ್ಲಿರುವವರಿಗೆ ಹೊಸ ಚಿಕಿತ್ಸೆಯನ್ನೇ ಕಟ್ಟಿಕೊಟ್ಟವರು. ಹರೆಯದಲ್ಲಿ ತಾವೇ ರೋಗಿಯಾಗಿದ್ದ ಆಸ್ಪತ್ರೆಯಲ್ಲಿ ನಿಂತು ಆ ಸತ್ಯವನ್ನು ಹೇಳಿದ್ದು 2011ರಲ್ಲಿ. ಅಷ್ಟು ಎತ್ತರದಲ್ಲಿದ್ದವರಿಗೇ ಅಷ್ಟು ವರ್ಷ ಬೇಕಾಯಿತು. ನಮ್ಮಲ್ಲಿ "ಮೆಂಟಲ್" ಎಂಬುದು ಬೈಗುಳವಾಗಿರುವಾಗ, ಸಂಬಂಧ ಕುದುರಿಸುವ ಹೊತ್ತಿನಲ್ಲಿ ಮಾತ್ರೆಯ ಚೀಟಿ ಬಚ್ಚಿಡುವಾಗ, ಎರಡನೇ ಭೇಟಿಯಲ್ಲೇ "ನನಗೂ ಇದೆ" ಎಂದ ಆ ಹೆಣ್ಣುಮಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ನಮ್ಮ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಇಆರ್‌ಪಿ ಜೊತೆಗೆ ಮಾತ್ರೆಗಳೂ ಇವೆ. ಅವು ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕಾಗುವುದರಿಂದ ಎರಡು ವಾರಕ್ಕೇ ಕೈಬಿಡಬಾರದು. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು ಟೆಲಿ ಮನಸ್‌ನ 14416 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹುಡುಗನ ಅಪ್ಪ ಅಮ್ಮನಿಗೂ ಆ ಮನಃಶಾಸ್ತ್ರಜ್ಞೆ ಒಂದು ಮಾತು ಕಲಿಸಿಕೊಟ್ಟಿದ್ದರು. ಅವನು ರಾತ್ರಿ ಫೋನು ಮಾಡಿ "ಅಮ್ಮಾ, ಬೀಗ ಹಾಕಿದ್ದೀನಿ ಅಲ್ವಾ, ನೀನೇ ಹೇಳು" ಎಂದಾಗ ಏನು ಹೇಳಬೇಕೆಂಬುದು. "ಅದಕ್ಕೆ ನಾನು ಉತ್ತರ ಕೊಡಲ್ಲ ಮಗಾ. ಫೋನ್ ಇಡೋದೂ ಇಲ್ಲ. ಏನು ತಿಂದೆ ಹೇಳು." ಆ ತಾಯಿ ಮೊದಲ ಕೆಲವು ರಾತ್ರಿ ಇದನ್ನು ಹೇಳಿ ಅಡುಗೆಮನೆಗೆ ಹೋಗಿ ಅತ್ತರಂತೆ.

ನನಗೆ ಒಂದು ರಾತ್ರಿ ನೆನಪಿದೆ. ಶ್ರಾವಣದ ಮಳೆ. ನನಗೆ ಮೈ ಸುಡುವ ಜ್ವರ. ದೊಡ್ಡಮ್ಮ ನನ್ನ ಹಾಸಿಗೆಯ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. "ಅಗುಳಿ ಹಾಕಿದ್ಯಾ..." ಎಂದು ಶುರು ಮಾಡಿದಳು. ನಾನು ಏಳುವ ಸ್ಥಿತಿಯಲ್ಲಿರಲಿಲ್ಲ, ಉತ್ತರ ಕೊಡಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಕೈ ನಡುಗುತ್ತಿತ್ತು. ಏಳಲಿಲ್ಲ. ಬಟ್ಟೆ ಹಿಂಡಿ ಮತ್ತೆ ಹಣೆಗೆ ಇಟ್ಟಳು. ಆ ಬಿರಿದ ಬೆರಳುಗಳ ಒರಟು ನನ್ನ ಹುಬ್ಬಿಗೆ ತಾಗಿದ್ದು ಈಗಲೂ ಇದೆ. ಬೆಳಗಿನ ಜಾವ ಕಣ್ಣು ಬಿಟ್ಟಾಗ ಗೋಡೆಗೆ ಒರಗಿ, ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು.

ಎದ್ದು ಜಗಲಿಗೆ ಬಂದು ನೋಡಿದೆ. ಅಗುಳಿ ಗೋಡೆಯ ಕಂಡಿಯೊಳಗೇ ಇತ್ತು. ಜ್ವರದ ಗಡಿಬಿಡಿಯಲ್ಲಿ ಯಾರೂ ಎಳೆದಿರಲೇ ಇಲ್ಲ. ರಾತ್ರಿಯಿಡೀ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು.

ಅವಳಿಗೆ ನಾನು ಹೇಳಲಿಲ್ಲ. ಮರುದಿನ ರಾತ್ರಿ ಅವಳು ಕೇಳಿದಳು, ನಾನು ಲಾಟೀನು ಎತ್ತಿಕೊಂಡು ಹೊರಟೆ.